ಕಾಲರ್, ಜೇಬು, ಕಫ್

...ಅದಲ್ಲಪ್ಪ ನಾನು ಕೇಳಿದ್ದು! ನಾನು ಕೇಳಿದ್ದು ಒಂದು, ನೀನು ತಲೆ ಆಡಿಸ್ತಿರೋದು ಇನ್ನೊಂದಕ್ಕೆ. ಕೈ ಸ್ವಲ್ಪ ಅಗಲ ಮಾಡು. ಇನ್ನೂ. ಹಾಂ, ಸಾಕು. ಮದುವೆ ಕೋಟು ಕಣೋ ಇದು, ತಮಾಷೆ ಅಲ್ಲ. ಇನ್ನೂ ಕಚ್ಚಾ ಹೊಲಿಗೆ, ಮೈತುಂಬ ಗುಂಡುಪಿನ್ನು. ಕದಲಿದ್ರೆ ಚುಚ್ಚುತ್ತೆ. ಆಮೇಲೆ ನಿನ್ನ ಕೈ ಹಿಡಿಯೋ ನನ್ನ ತಂಗಿ ಬಂದು ನನ್ನ ಜೀವ ತಿಂತಾಳೆ, 'ಅಣ್ಣಾ, ಮದುವೆಗೆ ಇನ್ನು ಹದಿನೈದು ದಿನ ಇದೆ, ಈಗ್ಲೇ ಯಾಕೆ ಅವರನ್ನ ಚುಚ್ಚಿ ಚುಚ್ಚಿ ಸಾಯಿಸ್ತೀಯ' ಅಂತ.

ನಾನು ಕೇಳಿದ್ದು ಇಷ್ಟೇ. ನಿನ್ನೆ ಮ್ಯಾಚು ಮುಗಿದ ಮೇಲೆ, ನಲ್ಲಿ ಹತ್ರ, ಮೀಸೆ ನಿನ್ನ ಕಿವೀಲಿ ಏನಂದ?

ಯಾವ ಮೀಸೆ ಅನ್ನೋ ಹಾಗೆ ಮುಖ ಮಾಡಬೇಡ. ಮೀಸೆ ಬಿಟ್ಟೋರು ಊರಲ್ಲಿ ನೂರು ಜನ ಇರಬಹುದು, ನಿನ್ನೆ ನಮ್ಮನ್ನ ಸೋಲಿಸಿದ ಮೀಸೆ ಒಂದೇ. ಫೈರ್ ಸ್ಟೇಷನ್ ಟೀಮಿನ ಕ್ಯಾಪ್ಟನ್ನು. ನೀನು ತಲೆ ತಗ್ಗಿಸಿ ಮಂಡಿ ತೊಳ್ಕೋತಾ ಇದ್ದೆ, ಅವನು ಬಂದು ನಿನ್ನ ಹೆಗಲ ಮೇಲೆ ಕೈ ಹಾಕಿದ, ಬಗ್ಗಿದ, ಏನೋ ಅಂದ. ನೀನು ತಿರುಗಿ ನನ್ನ ಕಡೆ ನೋಡಿದೆ. ಅವನ ಕಡೆ ಅಲ್ಲ, ನನ್ನ ಕಡೆ! ಇಡೀ ಟೀಮು ನೋಡಿದೆ ಅದನ್ನ. ನಾನೊಬ್ಬನೇ ಅಲ್ಲ.

ಏನೂ ಇಲ್ಲ ಅಂತ ಹೆಗಲು ಹಾರಿಸಿದ್ಯಾ? ನೋಡು, ಹೆಗಲ ಹೊಲಿಗೆ ಬಿಟ್ಟುಹೋಯ್ತು. ಇರು... ಇರು, ದಾರ ಎಲ್ಲಿ ಹೋಯ್ತು... ಹಾಂ.

ನೋಡು ತಮ್ಮಾ, ಈಗ ಮೂರೂವರೆ. ಐದಕ್ಕೆ ಕ್ಲಬ್ ರೂಮಲ್ಲಿ ಮೀಟಿಂಗು. ಎಲ್ಲರೂ ಬರ್ತಾರೆ. ಯಾಕೆ ಬರ್ತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಮ್ಮ ಗುಟ್ಟನ್ನ ಅವರಿಗೆ ಕೊಟ್ಟೋನು ನೀನೇ ಅಂತ ಕೈ ಎತ್ತಿಸಿ, ನಿನ್ನ ಹೆಸರು ಹೊಡೆದುಹಾಕೋಕೆ ಬರ್ತಾರೆ. ಹೆಸರು ಹೊಡೆದ್ರೆ ಬರೀ ಟೀಮಿಂದ ಹೋಗಲ್ಲ. ಈ ಬೀದೀಲಿ ನಿನಗೆ ಲೈಟು ಸರಿಮಾಡೋಕೆ ಯಾರು ಕರೀತಾರೆ ಹೇಳು? ಬೆನ್ನಿಗೆ ಚೂರಿ ಹಾಕಿದ ಎಲೆಕ್ಟ್ರಿಷಿಯನ್ನನ್ನ ಮನೆ ಒಳಗೆ ಬಿಟ್ಕೊಳ್ಳೋರು ಯಾರು? ಅದಕ್ಕೇ ಅಂಗಡಿ ಶಟರು ಅರ್ಧ ಎಳೆದು ನಿನ್ನನ್ನ ಒಬ್ಬನ್ನೇ ಕರೆಸಿದ್ದು. ಕೋಟಿನ ಟ್ರಯಲ್ಲು ಮುಂದಿನ ವಾರಾನೂ ಮಾಡಬಹುದಿತ್ತು.

ಈಗ ಕೇಳು. ನಾನು ಕ್ಯಾಪ್ಟನ್ನು, ಮೊದಲು ನಾನೇ ಮಾತಾಡ್ಬೇಕು. ನಮ್ಮ ಹೊಸ ಅಧ್ಯಕ್ಷರು ಹಲ್ಲಿನ ಡಾಕ್ಟ್ರು. ಒಳ್ಳೇ ಮನುಷ್ಯ, ಆದ್ರೆ ಅವರ ಪಾಲಿಗೆ ರಗ್ಬಿ ಅಂದ್ರೆ ಮುರಿದ ಹಲ್ಲು, ಅಷ್ಟೇ. ಚೆಂಡು ಯಾಕ್ರೀ ಉದ್ದಕ್ಕಿದೆ ಅಂತ ಹೋದ ತಿಂಗಳು ನನ್ನನ್ನ ಕೇಳಿದ್ರು. ಹಾಗಾಗಿ ಎಲ್ಲಾನೂ ಅ ಆ ಇ ಈಯಿಂದ ಹೇಳ್ಬೇಕು. ಒಂದ್ಸಲ ನಿನ್ನ ಮುಂದೆ ಹೇಳಿ ನೋಡ್ತೀನಿ. ತಪ್ಪಿದ್ರೆ ಹೇಳು. ಸರಿ ಇದ್ರೂ ಹೇಳು. ಒಟ್ನಲ್ಲಿ ಏನಾದ್ರೂ ಹೇಳು.

'ಡಾಕ್ಟ್ರೇ, ಚೆಂಡು ಗೆರೆ ದಾಟಿ ಪಕ್ಕಕ್ಕೆ ಹೋಯ್ತು ಅಂತ ಇಟ್ಕೊಳ್ಳಿ. ಆಗ ಎರಡೂ ಟೀಮಿನೋರು ಎದುರುಬದುರು ಸಾಲಾಗಿ ನಿಲ್ತಾರೆ. ಗೆರೆ ಹೊರಗಿಂದ ಒಬ್ಬ ಚೆಂಡು ಎಸೀಬೇಕು, ಎರಡು ಸಾಲಿನ ಮಧ್ಯಕ್ಕೆ, ನೆಟ್ಟಗೆ. ಇದಕ್ಕೆ ಲೈನ್‌ಔಟ್ ಅಂತಾರೆ. ನಮ್ಮ ಟೀಮಲ್ಲಿ ಎಸೆಯೋನು ನಾನು. ಸಾಲಲ್ಲಿ ಒಬ್ಬನನ್ನ ಅವನ ಹಿಂದೆ ಮುಂದೆ ಇರೋರು ಸೊಂಟ ತೊಡೆ ಹಿಡಿದು ಮೇಲಕ್ಕೆ ಎತ್ತುತ್ತಾರೆ, ಅವನು ಗಾಳೀಲಿ ಚೆಂಡು ಹಿಡೀತಾನೆ.' ಇಲ್ಲೀವರೆಗೆ ಸರೀನಾ? 'ಈಗ ಯಾರನ್ನ ಎತ್ತುತ್ತಾರೆ ಅನ್ನೋದೇ ಗುಟ್ಟು. ಮುಂದಿನೋನನ್ನೋ, ನಡುವಿನೋನನ್ನೋ, ಬಾಲದಲ್ಲಿರೋನನ್ನೋ. ಅದನ್ನ ನಾನು ಎಸೆಯೋ ಮುಂಚೆ ಕೂಗಿ ಹೇಳ್ತೀನಿ, ಆದ್ರೆ ನಮ್ಮೋರಿಗೆ ಮಾತ್ರ ಅರ್ಥ ಆಗೋ ಹಾಗೆ.'

ನಗ್ತಾ ಇದೀಯ? ನಗು. ನನ್ನ ಭಾಷೇಲಿ ಗುಟ್ಟು ಮಾಡಿದ್ದು ನಾನೇ, ದರ್ಜಿ ಮಾಡೋ ಗುಟ್ಟು ಇನ್ನು ಹೇಗಿರುತ್ತೆ? ಕಾಲರ್ ಅಂದ್ರೆ ಮುಂದೆ. ಜೇಬು ಅಂದ್ರೆ ನಡು, ಅಂದ್ರೆ ನೀನು. ಕಫ್ ಅಂದ್ರೆ ಬಾಲ. ಜೊತೆಗೆ ಒಂದು ಸಂಖ್ಯೆ. 'ಹದಿನಾರೂವರೆ ಕಾಲರ್!' 'ಒಂಬತ್ತು ಕಫ್!' ಸಂಖ್ಯೆ ಬರೀ ಸುಳ್ಳು, ಕೇಳಿಸ್ಕೊಂಡೋನು ಲೆಕ್ಕ ಹಾಕ್ತಾ ಸಾಯ್ಲಿ ಅಂತ. ಎಷ್ಟು ಚೆನ್ನಾಗಿತ್ತು ಅಲ್ವಾ? ಹೋದ ವರ್ಷ ಇದರಿಂದಾನೇ ಎರಡು ಮ್ಯಾಚು ಗೆದ್ದಿದ್ವಿ.

ಈ ವರ್ಷ ಲೀಗಲ್ಲಿ ನಿನ್ನೆಗೆ ಮುಂಚೆ ಐದು ಆಡಿದೀವಿ, ಐದೂ ಸೋತಿದೀವಿ. ನಿನ್ನೇದು ಆರನೇದು. ಗೆಲ್ತೀವಿ ಅಂತಾನೇ ಹೋಗಿದ್ವಿ.

ಮೊದಲನೇ ಲೈನ್‌ಔಟ್. ಎರಡನೇ ನಿಮಿಷ. ನಾನು ಕೂಗಿದೆ, 'ಮೂವತ್ತೆಂಟು ಜೇಬು!' ನೀನು ಮೇಲಕ್ಕೆ ಹೋದೆ. ಎದುರು ಸಾಲಲ್ಲಿ ಏನಾಯ್ತು? ಆ ಕ್ರೇನು, ಅದೇ ಅವರ ಏಣಿ ಹತ್ತೋ ಉದ್ದನೇ ಆಸಾಮಿ, ನಿನಗಿಂತ ಮುಂಚೆ ಮೇಲಿದ್ದ! ಚೆಂಡು ನನ್ನ ಕೈ ಬಿಡೋದಕ್ಕೆ ಮುಂಚೆ! ಮಾವಿನಹಣ್ಣು ಕೀಳೋ ಹಾಗೆ ಕಿತ್ಕೊಂಡು ಹೋದ. ಸರಿ, ಅದೃಷ್ಟ ಅಂತ ಅನ್ನು. ಎರಡನೇದು, ಕಾಲರ್. ಮತ್ತೆ ಅವರದ್ದೇ. ಮೂರನೇದು ಕಫ್. ಮತ್ತೆ! ಅರ್ಧ ಹೊತ್ತಿಗೆ ಏಳು ಸಲ ಎಸೆದೆ, ಆರು ಸಲ ಅವರ ಕೈಗೆ. ಏಳನೇದು ಚೆಂಡು ನನ್ನ ಕೈ ಜಾರಿ ಎಲ್ಲೋ ಬಿತ್ತು, ಅದೊಂದೇ ನಮಗೆ ಸಿಕ್ಕಿದ್ದು. ಇಪ್ಪತ್ನಾಲ್ಕು, ಸೊನ್ನೆ. ಅವರದ್ದು ಇಪ್ಪತ್ನಾಲ್ಕು, ನಮ್ಮದು ದುಂಡಗೆ ಸೊನ್ನೆ.

ಕೇಳಿ ಕೇಳಿ ಕಲಿತ್ಕೊಂಡಿರಬಹುದು ಅಂತೀಯ? ಮೂರು ಸಲ ನೋಡಿದ್ರೆ ಯಾರು ಬೇಕಾದ್ರೂ ಕಲೀತಾರೆ, ಒಪ್ತೀನಿ. ಮೊದಲನೇ ಎಸೆತಕ್ಕೇ? ಮೊದಲನೇದಕ್ಕೇ ಹೇಗೆ ಕಲೀತಾರೆ?

ಅಂದ್ಮೇಲೆ ಯಾರೋ ಕೊಟ್ಟಿದಾರೆ. ತಿರುಗು. ಬೆನ್ನು ನೋಡ್ತೀನಿ.

ನಮ್ಮ ಟೀಮಲ್ಲಿ ಯಾರು ಕೊಡಬಹುದು, ನಾನು ರಾತ್ರಿಯೆಲ್ಲ ಯೋಚನೆ ಮಾಡಿದೀನಿ. ಬೇಕರಿಯೋನು? ಆ ಪುಣ್ಯಾತ್ಮನಿಗೆ ಗುಟ್ಟು ಕೊಡೋಕೆ ಮೊದಲು ಗುಟ್ಟು ನೆನಪಿರಬೇಕಲ್ಲ! ಮೂರು ಪದ, ಎರಡು ವರ್ಷ, ಇನ್ನೂ ಬಾಯಿಗೆ ಬಂದಿಲ್ಲ. ಕಫ್ ಅಂದ್ರೆ ನಿನ್ನನ್ನ ಎತ್ತುತ್ತಾನೆ, ಜೇಬು ಅಂದ್ರೆ ತನ್ನ ಚಡ್ಡಿ ಜೇಬು ನೋಡ್ಕೋತಾನೆ. ಮೇಷ್ಟ್ರು? ಅವರು ನಿಲ್ಲೋದೇ ಮೂವತ್ತು ಗಜ ಹಿಂದೆ, ಅವರಿಗೆ ನಾನು ಕೂಗೋದು ಕೇಳಿಸೋದೂ ಇಲ್ಲ. ಚೆಂಡು ಒದೆಯೋದು ಬಿಟ್ರೆ ಅವರಿಗೆ ಬೇರೆ ಚಿಂತೆ ಇಲ್ಲ. ಉಳಿದೋರು ಯಾರೂ ಫೈರ್ ಸ್ಟೇಷನ್ ಗೇಟು ದಾಟಿದೋರಲ್ಲ.

ನೀನು ದಾಟಿದೀಯ.

ಬುಧವಾರ. ಅವರ ಗ್ಯಾರೇಜಲ್ಲಿ ವೈರಿಂಗು. ಬೆಳಗ್ಗೆ ಹೋದೋನು ಸಾಯಂಕಾಲದವರೆಗೆ ಅಲ್ಲೇ ಇದ್ದೆ. ಊಟಾನೂ ಅವರ ಜೊತೇಲೇ ಮಾಡ್ದೆ. ಹೌದಾ ಅಲ್ವಾ? ...ಹೌದು ಅಂತ ತಲೆ ಆಡಿಸ್ತೀಯ, ಮುಚ್ಚಿಡೋದೂ ಇಲ್ಲ! ಅದನ್ನ ನೋಡಿದ್ರೆ ನಂಗೆ ಇನ್ನೂ ಸಂಶಯ. ಕೆಲಸಕ್ಕೆ ಹೋಗಿದ್ದೆ ನಿಜ, ಕರೆದ್ರೆ ಹೋಗ್ಬೇಕು ನಿಜ. ಆದ್ರೂ ಶನಿವಾರ ಮ್ಯಾಚು ಇಟ್ಕೊಂಡು ಬುಧವಾರ ಅವರ ಜೊತೆ ಕೂತು ಊಟ ಮಾಡ್ತಾರೇನೋ? ಊಟ ಮಾಡ್ತಾ ಬಾಯಿ ಸುಮ್ಮನಿರುತ್ತಾ?

ಯಾಕೆ ಹಾಗೆ ನೋಡ್ತಿದೀಯ ನನ್ನನ್ನ? ನಾನು ಹೇಳ್ತಿಲ್ಲಪ್ಪ. ಅವರು ಹೀಗೆ ಹೇಳ್ತಾರೆ ಅಂತ ಹೇಳ್ತಿದೀನಿ. ಬೇಕರಿಯೋನು ನಿನ್ನ ಬ್ಯಾಗು ಎತ್ತಿ ರೂಮಿನ ಹೊರಗೆ ಎಸೆದನಲ್ಲ ನಿನ್ನೆ, ಆಗ ನಾನು ಏನಾದ್ರೂ ಅಂದ್ನಾ? ಅನ್ನಲಿಲ್ಲ. ಸುಮ್ಮನಿದ್ದೆ. ...ಹಾಂ, ಸುಮ್ಮನಿದ್ದೆ. ನೀನೂ ಸುಮ್ಮನಿದ್ದೆಯಲ್ಲ! ಕೆಸರಲ್ಲಿ ಬಿದ್ದ ಬ್ಯಾಗು ಎತ್ಕೊಂಡೆ, ಒರೆಸ್ಕೊಂಡೆ, ಹೋದೆ. ತಪ್ಪು ಮಾಡದೇ ಇರೋನು ಹಾಗೆ ಹೋಗ್ತಾನಾ? 'ನಾನಲ್ಲ ಕಣ್ರೋ' ಅಂತ ಒಂದು ಮಾತು ಅನ್ನಲ್ವಾ?

ತಂಗಿ ನಿನ್ನೆಯಿಂದ ಮಹಡಿಯಿಂದ ಇಳಿದಿಲ್ಲ. ಬೆಳಗ್ಗೆ ಒಂದೇ ಒಂದು ಮಾತು ಕೇಳಿದ್ಲು. 'ಅಣ್ಣ, ನೀನು ಅವರ ಪರ ಮಾತಾಡ್ತೀಯ ತಾನೇ?' ನಾನು ಹೂಂ ಅಂದೆ.

ಮೀಸೆ... ಮೀಸೆ ಪ್ಯಾಂಟಿನ ವಿಷಯ ಏನಾದ್ರೂ ಅಂದನಾ?

ಏನಿಲ್ಲ, ಸುಮ್ನೆ ಕೇಳಿದೆ. ಅವನ ಯೂನಿಫಾರಂ ಪ್ಯಾಂಟು ಸೊಂಟ ಬಿಡಿಸಿ ಕೊಟ್ಟಿದ್ದು ನಾನೇ ಅಲ್ವಾ, ಶುಕ್ರವಾರ. ಎರಡು ಬೆರಳು ಬಿಡಿಸಿದೆ, ಹೊಟ್ಟೆ ಬಂದಿದೆ ಅವನಿಗೆ. ಹೊಲಿಗೆ ಚೆನ್ನಾಗಿಲ್ಲ ಗಿನ್ನಾಗಿಲ್ಲ ಅಂತ ಹೇಳಿದ್ನೇನೋ ಅಂತ. ಗಿರಾಕಿ ಏನಂದ ಅಂತ ದರ್ಜಿಗೆ ಕುತೂಹಲ ಇರಲ್ವಾ? ...ಬಿಡು. ಬಿಡು ಆ ಮಾತು. ತೋಳು ಮಡಚು. ಬಿಚ್ಚು. ಕಂಕುಳಲ್ಲಿ ಹಿಡಿಯುತ್ತಾ? ಇಲ್ವಾ? ಸರಿ.

ಈಗ ಎರಡನೇ ಅರ್ಧ! ಅದನ್ನ ಹೇಳೋಕೆ ನಂಗೆ ಡಾಕ್ಟ್ರು ಬೇಡ, ಗೋಡೆ ಮುಂದೆ ಬೇಕಾದ್ರೂ ಹೇಳ್ತೀನಿ. ಹಾಫ್ ಟೈಮಲ್ಲಿ ಎಲ್ಲರೂ ಸತ್ತೋರ ಹಾಗೆ ಕೂತಿದ್ರು. ನಾನು ಎದ್ದು ನಿಂತು ಏನಂದೆ? 'ಪದಗಳನ್ನ ಒಂದೊಂದು ಮನೆ ಹಿಂದಕ್ಕೆ ತಳ್ಳಿ. ಇನ್ಮೇಲೆ ಕಾಲರ್ ಅಂದ್ರೆ ನಡು, ಜೇಬು ಅಂದ್ರೆ ಬಾಲ, ಕಫ್ ಅಂದ್ರೆ ಮುಂದೆ.' ಬೇಕರಿಯೋನು ಏನಂದ, ನೆನಪಿದೆಯಾ? 'ನಂಗೆ ಹಳೇದೇ ಗೊತ್ತಿರಲಿಲ್ಲ, ಹೊಸದಕ್ಕೆ ಏನೂ ತೊಂದ್ರೆ ಇಲ್ಲ!' ಆ ಹೊತ್ತಲ್ಲೂ ನಕ್ಕುಬಿಟ್ವಿ.

ಆಮೇಲೆ! ಮೊದಲನೇ ಎಸೆತ, 'ನಲವತ್ತು ಕಾಲರ್!' ಅವರು ಮುಂದಿನೋನನ್ನ ಎತ್ತಿದ್ರು, ನೀನು ನಡುವಲ್ಲಿ ಒಬ್ಬನೇ, ರಾಜನ ಹಾಗೆ, ಗಾಳೀಲಿ! ಆ ಕ್ರೇನಿನ ಮುಖ ನೋಡಬೇಕಿತ್ತು, ಏಣಿ ಹತ್ತಿ ಮೇಲೆ ಹೋದ್ರೆ ಮನೇನೇ ಇಲ್ಲ ಅನ್ನೋ ಹಾಗೆ. ಚೆಂಡು ಕೆಳಗಿಳಿಸಿದೆ, ಎಲ್ಲರೂ ಸುತ್ಕೊಂಡ್ವಿ, ಒಂದೇ ಸಮ ನೂಕಿ, ನೂಕಿ, ಬೇಕರಿಯೋನು ಗೆರೆ ಮೇಲೆ ಹಿಟ್ಟಿನ ಮೂಟೆ ಹಾಗೆ ಬಿದ್ದ. ಟ್ರೈ! ಐದು ಪಾಯಿಂಟು. ಮೇಷ್ಟ್ರು ಚೆಂಡನ್ನ ಕಂಬಗಳ ನಡುವೆ ಒದ್ರು, ಇನ್ನೆರಡು. ಏಳು. ಹತ್ತು ನಿಮಿಷಕ್ಕೆ ಇನ್ನೊಂದು, ಹದಿನಾಲ್ಕು. ನಡುವೆ ಅವರಿಗೊಂದು ಪೆನಾಲ್ಟಿ ಸಿಕ್ತು, ಮೂರು ಪಾಯಿಂಟು, ಇಪ್ಪತ್ತೇಳು. ಇರ್ಲಿ ಬಿಡು ಅಂದ್ವಿ! ಮತ್ತೆ ಹೋದ್ವಿ! ಇಪ್ಪತ್ತೊಂದು. ಆಚೆ ನಿಂತಿದ್ದ ಅವರ ಹೆಂಡ್ರು ಮಕ್ಕಳು ಬಾಯಿ ಮುಚ್ಕೊಂಡ್ರು. ನಾನು ಒಂಬತ್ತು ಎಸೆದೆ, ಒಂಬತ್ತೂ ನಮ್ಮದೇ. ಒಂಬತ್ತಕ್ಕೆ ಒಂಬತ್ತು! ಹದಿನಾರು ವರ್ಷ ಆಡಿದೀನಿ ಕಣೋ ನಾನು, ಒಂದು ದಿನವೂ ಹಾಗೆ ಎಸೆದಿಲ್ಲ. ಸೂಜಿಗೆ ದಾರ ಪೋಣಿಸೋ ಹಾಗೆ.

ಕೊನೇ ನಿಮಿಷ. ನೀನು. ಮೂಲೇಲಿ. ಬೆನ್ನ ಮೇಲೆ ಇಬ್ಬರು, ಕಾಲಿಗೆ ಒಬ್ಬ, ಕಣ್ಣ ಹತ್ರ ಇದೇ ಈಗ ನೀಲಿ ಆಗಿದೆಯಲ್ಲ, ಇಲ್ಲಿ ಯಾರದೋ ಮೊಣಕೈ. ಆದ್ರೂ ಎಳ್ಕೊಂಡು ಹೋದೆ, ಮೂರು ಜನಾನೂ ಎಳ್ಕೊಂಡು ಹೋಗಿ ಮೂಲೇಲಿ ಚೆಂಡು ಇಟ್ಟೆ. ಇಪ್ಪತ್ತಾರು! ಇಪ್ಪತ್ತಾರು, ಇಪ್ಪತ್ತೇಳು. ಮೇಷ್ಟ್ರು ಒದ್ದಿದ್ದು ಕಂಬದೊಳಗೆ ಹೋಗಿದ್ರೆ ಇಪ್ಪತ್ತೆಂಟು. ಅಷ್ಟು ಓರೆಯಿಂದ ಒದೆಯೋದು ಸುಲಭಾನಾ? ಚೆಂಡು ಹೋಯ್ತು, ಹೋಯ್ತು, ಕಂಬದ ಹೊರಗೆ ಒಂದು ಗೇಣು. ಒಂದೇ ಗೇಣು. ರೆಫರಿ ಸೀಟಿ ಊದಿದ, ಮೇಷ್ಟ್ರು ಅಲ್ಲೇ ಕೂತು ಅತ್ತುಬಿಟ್ರು.

ಒಂದು ಪಾಯಿಂಟು.

ಆದ್ರೂ ಏನು ಮಾಡಿದ್ರು ನಮ್ಮೋರು? ನನ್ನನ್ನ ಎತ್ಕೊಂಡ್ರು! ಸೋತ ಮೇಲೆ! 'ಹಾಫ್ ಟೈಮಲ್ಲಿ ಇವನ ತಲೆ ಓಡದೇ ಇದ್ದಿದ್ರೆ ಅರವತ್ತು ಹೊಡೆಸ್ಕೋತಿದ್ವಿ' ಅಂದ್ರು. ಮೈದಾನದ ಈ ಕೊನೆಯಿಂದ ಆ ಕೊನೆವರೆಗೆ ಹೆಗಲ ಮೇಲೆ ಹೊತ್ರು. ನಾನು ಕೂತಲ್ಲೇ ಕೂತು ಗುಂಡಿ ಕಾಜಾ ಹೊಲೆಯೋನು ಕಣೋ, ನನ್ನನ್ನ ಯಾರು ಯಾವತ್ತು ಎತ್ತಿದಾರೆ? ಲೈನ್‌ಔಟಲ್ಲೂ ಎತ್ತಲ್ಲ, ನಾನು ಎಸೆಯೋನು. ಮೇಲಿಂದ ನೋಡಿದೆ. ನಲ್ಲಿ ಕಾಣಿಸ್ತು. ನೀನು ಕಾಣಿಸ್ದೆ. ಮೀಸೆ ಬಗ್ಗಿ ನಿನ್ನ ಕಿವೀಲಿ...

ಏನು? ಯಾಕೆ ಹಾಗೆ ಹುಬ್ಬು ಏರಿಸ್ತೀಯ?

ಹಾಫ್ ಟೈಮಲ್ಲಿ ನಂಗೆ ಹೇಗೆ ಹೊಳೀತು ಅಂತಾನಾ? ಹೇಗೆ ಹೊಳೀತು ಅಂದ್ರೆ... ಹೊಳೀತು. ಏಳರಲ್ಲಿ ಆರು ಹೋದ್ರೆ ಯಾರಿಗಾದ್ರೂ ಹೊಳೆಯುತ್ತೆ. ಕ್ಯಾಪ್ಟನ್ ಅಂದ್ಮೇಲೆ ತಲೆ ಇರಬೇಕಲ್ಲ. ...ಮುಂಚೆ ಯಾಕೆ ಬದಲಾಯಿಸಲಿಲ್ಲ ಅಂತ ಕೇಳಬೇಡ. ನೀನು ಕೇಳ್ತಿಲ್ಲ, ಗೊತ್ತು, ನಿನ್ನ ಮುಖ ಕೇಳ್ತಿದೆ. ಆಟದ ನಡುವೆ ಹದಿನೈದು ಜನಕ್ಕೆ ಹೇಗೆ ಹೇಳೋದು? ಕೂಗಿ ಹೇಳೋಕಾಗುತ್ತಾ? ನಡುವೆ ಒಬ್ಬನಿಗೆ ಕಾಲು ಉಳುಕಿ ಐದು ನಿಮಿಷ ಆಟ ನಿಂತಿತ್ತು, ನಿಜ. ಆಗ ಹೇಳಬಹುದಿತ್ತು, ನಿಜ. ತೋಚಲಿಲ್ಲ. ಅಷ್ಟೇ. ತೋಚಲಿಲ್ಲ!

ನೀನು ನನ್ನನ್ನ ವಿಚಾರಣೆ ಮಾಡೋಕೆ ಬಂದಿದೀಯೋ, ನಾನು ನಿನ್ನನ್ನೋ?

ಬಾ ಇಲ್ಲಿ. ಕೋಟು ಹಾಗೇ ಇರ್ಲಿ, ಮೇಜಿನ ಹತ್ರ ಬಾ. ನಾನು ಒಂದು ಕೆಲಸ ಮಾಡಿದೀನಿ, ನಿನ್ನ ಒಳ್ಳೇದಕ್ಕೇನೇ. ಒಂದು ಕಾಗದ ಬರೆದಿಟ್ಟಿದೀನಿ. ಓದ್ತೀನಿ ಕೇಳು. 'ಬುಧವಾರ ಊಟದ ಹೊತ್ತಲ್ಲಿ ತಮಾಷೆ ಮಾತಿನ ನಡುವೆ ಬಾಯಿ ತಪ್ಪಿ ನಮ್ಮ ಕರೆಗಳ ಅರ್ಥ ಹೇಳಿಬಿಟ್ಟೆ. ಬೇಕಂತ ಮಾಡಿದ್ದಲ್ಲ. ತಂಡದ ಕ್ಷಮೆ ಕೇಳ್ತೀನಿ.' ಮೂರೇ ಸಾಲು. ಕೆಳಗೆ ನಿನ್ನ ಸಹಿ. ಇದನ್ನ ನಾನು ಐದಕ್ಕೆ ಅವರ ಮುಂದೆ ಇಡ್ತೀನಿ. 'ಹುಡುಗ ಒಪ್ಕೊಂಡಿದಾನೆ, ನಮ್ಮ ಮನೆ ಅಳಿಯ ಆಗೋನು, ನನ್ನ ಮುಖ ನೋಡಿ ಬಿಡಿ' ಅಂತೀನಿ. ಬೇಕಂತ ಮಾಡಿಲ್ಲ ಅಂದ್ಮೇಲೆ ಹೆಸರು ಹೊಡೆಯಲ್ಲ. ಎರಡು ಮ್ಯಾಚು ಹೊರಗೆ ಕೂರಿಸ್ತಾರೆ, ಮುಗೀತು. ಮದುವೆ ಹೊತ್ತಿಗೆ ಎಲ್ಲರೂ ಮರೀತಾರೆ. ಬೇಕರಿಯೋನೇ ಕೇಕು ಮಾಡ್ಕೊಡ್ತಾನೆ ನೋಡ್ತಿರು.

ನಿಜವಾಗಿ ಹಾಗೆ ನಡೀತೋ ಇಲ್ವೋ ಅದು ಬೇರೆ ಪ್ರಶ್ನೆ. ನಡೆದಿಲ್ಲ ಅಂದ್ರೆ ಈಗ್ಲೇ ಹೇಳು. 'ನಾನು ಹೇಳಿಲ್ಲ' ಅನ್ನು, ಕಾಗದ ಹರಿದುಹಾಕ್ತೀನಿ. ಅನ್ನು! ಎದುರಿಗೇ ಇದೀನಲ್ಲ. ...ಅನ್ನಲ್ವಾ? ಮೀಸೆ ಏನಂದ ಅಂತಾನೂ ಹೇಳಲ್ಲ, ನೀನೇನಂದೆ ಅಂತಾನೂ ಹೇಳಲ್ಲ. ನಾನು ಏನಂತ ತಿಳ್ಕೊಬೇಕು? ಬಾಯಿ ಇಲ್ವೇನೋ ನಿನಗೆ? ಹೋದ ವಾರ ಇದೇ ಅಂಗಡೀಲಿ ಕೂತು ತಂಗಿ ಜೊತೆ ಎರಡು ಗಂಟೆ ಮಾತಾಡಿದೆಯಲ್ಲ!

ಏನು ಹುಡುಕ್ತಿದೀಯ ಮೇಜಿನ ಮೇಲೆ? ಸೀಮೆಸುಣ್ಣ ಅದು. ಪೆನ್ನು ಕತ್ತರಿ ಕೆಳಗಿದೆ. ...ಪೆನ್ನಾ? ಪೆನ್ನು ಯಾಕೆ?

ಇರು. ಓದಿದ್ಯಾ ಪೂರ್ತಿ? ನಾನು ಓದಿದ್ದು ಕೇಳಿಸ್ಕೊಂಡ್ಯಾ? 'ಬಾಯಿ ತಪ್ಪಿ ಹೇಳಿಬಿಟ್ಟೆ' ಅಂತ ಇದೆ. ನೀನು ಹೇಳಿದೆ ಅಂತ ಇದೆ ಅದ್ರಲ್ಲಿ. ಸಹಿ ಹಾಕಿದ್ರೆ ಕೊನೇವರೆಗೂ ಅದೇ ಉಳಿಯುತ್ತೆ. ಜನ 'ಬಾಯಿ ತಪ್ಪಿ' ಅನ್ನೋದನ್ನ ಮರೀತಾರೆ, 'ಹೇಳಿದ' ಅನ್ನೋದನ್ನ ಮಾತ್ರ ಇಟ್ಕೋತಾರೆ. ಯೋಚನೆ ಮಾಡು. ಏಯ್, ಯೋಚನೆ ಮಾಡೋ... ಏಯ್, ಇಡು ಪೆನ್ನು! ಯಾಕೆ ಸಹಿ ಹಾಕ್ತೀಯ? ನೀನು ಹೇಳಿಲ್ವಲ್ಲೋ! ನೀನು ಯಾರಿಗೂ ಹೇಳಿಲ್ವಲ್ಲೋ!

...

ಈಗ ಕೇಳು. 'ನಿಮಗೆ ಹೇಗೆ ಗೊತ್ತು ಅಣ್ಣ' ಅಂತ ಕೇಳು. ಯಾರಾದ್ರೂ ಕೇಳೋ ಪ್ರಶ್ನೆ ತಾನೇ ಅದು? ಒಂದು ಗಂಟೆಯಿಂದ ನೀನೇ ಕೊಟ್ಟಿದ್ದು ಅಂತ ತಲೆ ತಿಂದೋನು ಈಗ ನೀನು ಹೇಳಿಲ್ಲ ಅಂತ ಕಿರುಚಿದ್ರೆ, ಹೇಗೆ ಗೊತ್ತು ಅಂತ ಕೇಳಬೇಕಲ್ಲ ನೀನು.

ಕೇಳಲ್ಲ. ನೀನು ಕೇಳಲ್ಲ.

ಮೀಸೆ ಹೇಳಿದಾನೆ. ಅದೇ ಅಂದಿದ್ದು ಅವನು ನಲ್ಲಿ ಹತ್ರ. ನೀನು ತಿರುಗಿ ನನ್ನ ಕಡೆ ನೋಡಿದ್ದು ಅದಕ್ಕೆ. ನಾನು ಮೇಲಿದ್ದೆ, ಅವರ ಹೆಗಲ ಮೇಲೆ, ಕೈ ಬೀಸ್ತಾ ಇದ್ದೆ... ನೀನು ಆಗ್ಲೇ ತಿಳ್ಕೊಂಡಿದ್ದೆ. ಬ್ಯಾಗು ಎಸೆದಾಗ್ಲೂ ಗೊತ್ತಿತ್ತು. ಇಲ್ಲಿ ಬಂದು ಕೈ ಚಾಚ್ಕೊಂಡು ನಿಂತಾಗ್ಲೂ ಗೊತ್ತಿತ್ತು. ನಾನು ಇಷ್ಟು ಹೊತ್ತು... ಛೇ.

ಅಳತೆ ಚೀಟಿ ಕಣೋ. ಬೇರೇನಲ್ಲ. ಒಂದೊಂದು ಬಟ್ಟೆಗೂ ಅಳತೆ ಬರೆದ ಚೀಟಿ ಒಳಗಡೆ ಪಿನ್ನು ಹಾಕಿ ಇಡ್ತೀನಿ, ಗಿರಾಕಿ ಹಾಕಿ ನೋಡಿ ಸರಿ ಅಂದ ಮೇಲೆ ತೆಗೀತೀನಿ. ಗುರುವಾರ ಬೇಕರಿಯೋನು ಬಂದು 'ಮೂರು ಪದ ಬರ್ಕೊಡು ಮಾರಾಯ, ಓವನ್ ಮುಂದೆ ನಿಂತು ಬಾಯಿಪಾಠ ಮಾಡ್ತೀನಿ' ಅಂದ. ಕೈಗೆ ಸಿಕ್ಕಿದ ಚೀಟಿ ಹಿಂದೆ ಬರೆದೆ. ಕಾಲರ್ ಮುಂದೆ, ಜೇಬು ನಡು, ಕಫ್ ಬಾಲ. ಬರೆದು ಮುಗಿಸೋ ಹೊತ್ತಿಗೆ ಅವನಿಗೆ ಫೋನು ಬಂತು, ಓಡಿದ. ಚೀಟಿ ಮೇಜಿನ ಮೇಲೇ ಉಳೀತು. ಅದರ ಮುಂದಿನ ಕಡೆ ಇದ್ದಿದ್ದು ಮೀಸೆ ಸೊಂಟದ ಅಳತೆ. ನಾನು ಬೆಳಗ್ಗೆ ಎದ್ದು, ಮಾಮೂಲಿ ಹಾಗೆ, ಸೊಂಟದ ಪಟ್ಟಿಗೆ ಪಿನ್ನು ಹಾಕಿದೆ. ಶುಕ್ರವಾರ ಅವನಿಗೆ ಡ್ಯೂಟಿಗೆ ಹೊತ್ತಾಗಿತ್ತು, ಹಾಕಿ ನೋಡದೇ ತಗೊಂಡು ಹೋದ. ಇಷ್ಟೇ. ನಾನೇ ಬರೆದು, ನಾನೇ ಪಿನ್ನು ಹಾಕಿ, ನಾನೇ ಮಡಚಿ, ಕವರಲ್ಲಿ ಹಾಕಿ ಕೊಟ್ಟೆ.

ಇಷ್ಟೇ ಆಗಿದ್ರೆ ಹೇಳ್ತಿದ್ದೆ. ದೇವರಾಣೆ ಹೇಳ್ತಿದ್ದೆ. ನಗ್ತಿದ್ರು, ಬೈತಿದ್ರು, ಮುಗೀತಿತ್ತು.

ಇಷ್ಟೇ ಅಲ್ಲ ಅಂತಾನೂ ನಿಂಗೆ ಗೊತ್ತು. ಅಲ್ವಾ? ಅದಕ್ಕೇ ಇನ್ನೂ ಹಾಗೇ ನೋಡ್ತಿದೀಯ.

ಎರಡನೇ ನಿಮಿಷಕ್ಕೆ ಗೊತ್ತಾಯ್ತು ನಂಗೆ. ಹಾಫ್ ಟೈಮಲ್ಲಿ ಅಲ್ಲ. ಮೊದಲನೇ ಎಸೆತ ಆ ಕ್ರೇನು ಕಿತ್ಕೊಂಡಾಗ ಮೀಸೆ ನನ್ನ ಕಡೆ ತಿರುಗಿ ತನ್ನ ಚಡ್ಡಿ ಸೊಂಟದ ಪಟ್ಟೀನ ಎರಡು ಬೆರಳಲ್ಲಿ ತಟ್ಟಿ ತೋರಿಸಿ ನಕ್ಕ. ಅದನ್ನೂ ಹೇಳಿರ್ತಾನೆ ನಿಂಗೆ. ಚೀಟಿ ನೆನಪಾಯ್ತು. ಆ ಕ್ಷಣಾನೇ ಪದ ಬದಲಾಯಿಸಬಹುದಿತ್ತು. ಆದ್ರೆ ಬದಲಾಯಿಸಿದ್ರೆ ಯಾಕೆ ಅಂತ ಕೇಳ್ತಾರಲ್ಲ? ಒಂದೇ ಎಸೆತಕ್ಕೆ ನಿಂಗೆ ಹೇಗೆ ಗೊತ್ತಾಯ್ತು ಅಂತಾರಲ್ಲ? ಅದಕ್ಕೇ ಇನ್ನೊಂದು ಎಸೆದೆ. ಹೋಯ್ತು. ಇನ್ನೊಂದು ಎಸೆದೆ. ಪ್ರತಿ ಸಲಾನೂ ಗೊತ್ತಿತ್ತು ಕಣೋ, ಅವರ ಕೈಗೆ ಹೋಗುತ್ತೆ ಅಂತ ಗೊತ್ತಿದ್ದೂ ಕೂಗಿದೆ. ಎಲ್ಲರಿಗೂ ತಾವಾಗೇ ಸಂಶಯ ಬರೋವಷ್ಟು ಹೋಗ್ಲಿ, ಆಮೇಲೆ ಬದಲಾಯಿಸಿದ್ರೆ ಬುದ್ಧಿವಂತಿಕೆ ಆಗುತ್ತೆ ಅಂತ ಕಾದೆ. ನಲವತ್ತು ನಿಮಿಷ ಕಾದೆ. ನೀವೆಲ್ಲ ಮೈಮೂಳೆ ಮುರ್ಕೋತಿದ್ರಿ, ನಾನು ಕಾಯ್ತಿದ್ದೆ. ಇಪ್ಪತ್ನಾಲ್ಕು ಪಾಯಿಂಟು.

ಸೋತಿದ್ದು ಒಂದ್ರಲ್ಲಿ.

ಬೈಯೋ. ಒಂದು ಸಲ ಬೈಯೋ. ...ತಂಗಿಗೆ ಹೇಳಿದೀಯಾ? ಇಲ್ಲ. ನೀನು ಹೇಳಲ್ಲ, ಹೇಳೋನಾಗಿದ್ರೆ ನಿನ್ನೇನೇ ಹೇಳ್ತಿದ್ದೆ. ಅವಳಿಗೆ ಇರೋನು ನಾನೊಬ್ಬ ಅಣ್ಣ ಅಂತ, ನನ್ನ ಮರ್ಯಾದೆ ಉಳಿಸೋಕೆ ಸಹಿ ಹಾಕೋಕೆ ಹೋದೆ. ನಾನು ಆ ಕಾಗದ ಬರೆಯೋವಾಗ ಇದನ್ನೇ ನೆಚ್ಕೊಂಡಿದ್ದೆ ಅನ್ಸುತ್ತೆ.

ಕೊಡು ಆ ಕಾಗದ. ಕೊಡು ಇಲ್ಲಿ. ...ಹರಿದೆ. ನೋಡ್ಕೋ, ನಾಲ್ಕು ಚೂರು.

ಐದಕ್ಕೆ ಹತ್ತು ನಿಮಿಷ ಇದೆ. ಕೋಟು ಬಿಚ್ಚು, ಮೆಲ್ಲಗೆ. ನಾನು ಹೋಗಿ ಹೇಳ್ತೀನಿ. ನೀನು ಇಲ್ಲೇ ಕೂತಿರು, ನೀನು ಬರೋದು ಬೇಡ, ಅವರು ಮತ್ತೆ ಏನಾದ್ರೂ ಅಂದ್ರೆ... ಇಲ್ಲ. ಇರು. ಹಾಗಲ್ಲ. ನೀನೂ ಬಾ. ನೀನು ಇಲ್ಲಿ ಕೂತ್ರೆ, ದಾರೀಲಿ ಹೋಗ್ತಾ ಹೋಗ್ತಾ ನಾನು ಇನ್ನೇನೋ ಒಂದು ಕಥೆ ಹೊಲೀತೀನಿ. ಅಲ್ಲಿ ನಿಂತು, ಅವರೆಲ್ಲ ನನ್ನ ಬೆನ್ನು ತಟ್ಟಿದ್ರೆ, ಚೀಟಿ ಗಾಳಿಗೆ ಹಾರಿಹೋಯ್ತು ಅಂತೀನಿ, ಯಾರೋ ಕದ್ರು ಅಂತೀನಿ. ನಂಗೆ ನಾನು ಗೊತ್ತು. ಬಾ, ನನ್ನ ಎದುರಿಗೇ ನಿಲ್ಲು, ಕಣ್ಣು ತೆಗೀಬೇಡ ನನ್ನ ಮೇಲಿಂದ. ಎರಡನೇ ನಿಮಿಷದ ಮಾತು ಬಾಯಿಂದ ಬರೋವರೆಗೂ ನನ್ನನ್ನ ನಂಬಬೇಡ ಕಣೋ.